ಕ್ಷಮೆ ಸಾಕು, ತಾರೀಖು ಹೇಳಿ

‘ತಡವಾಗಿದ್ದಕ್ಕೆ ಕ್ಷಮಿಸಿ, ಲಗತ್ತು ನೋಡಿ.’ ನಮ್ಮ ಕಚೇರಿಗಳಿಂದ ದಿನವೂ ಹೊರಡುವ ಮೇಲ್‌ಗಳಲ್ಲಿ ಈ ಸಾಲು ನಮಸ್ಕಾರದ ಜಾಗವನ್ನೇ ಹಿಡಿದು ಕೂತಿದೆ. ಮೂರು ದಿನ ತಡವಾದರೂ ಅದೇ, ಮೂರು ವಾರ ತಡವಾದರೂ ಅದೇ. ಬರೆದವರಿಗೆ ಬರೆದದ್ದು ನೆನಪಿರುವುದಿಲ್ಲ, ಓದುವವರು ಅದನ್ನು ದಾಟಿಕೊಂಡೇ ಮುಂದಕ್ಕೆ ಹೋಗುತ್ತಾರೆ. ಇದನ್ನು ನಾವು ಕಚೇರಿಯ ಶಿಷ್ಟಾಚಾರ ಎಂದು ಕರೆದುಕೊಂಡಿದ್ದೇವೆ, ಹೊಸದಾಗಿ ಸೇರಿದ ಹುಡುಗರಿಗೂ ಹಾಗೆಂದೇ ಕಲಿಸುತ್ತಿದ್ದೇವೆ. ಶಿಷ್ಟಾಚಾರದ ಹೆಸರಿನಲ್ಲಿ ನಡೆಯುತ್ತಿರುವುದು ಶುದ್ಧ ಉಡಾಫೆ.

ತಡವಾಗುವುದೇ ಅಪರಾಧ ಎಂದು ನಾನು ಹೇಳುತ್ತಿಲ್ಲ. ಕೆಲಸ ಅಂದಮೇಲೆ ತಡವಾಗುತ್ತದೆ. ಮನೆಯಲ್ಲಿ ಕಾಯಿಲೆ ಬರುತ್ತದೆ, ಸರ್ವರ್ ಕೈಕೊಡುತ್ತದೆ, ಸಹಿ ಹಾಕಬೇಕಾದವರು ಊರಲ್ಲಿರುವುದಿಲ್ಲ, ಒಪ್ಪಿಕೊಂಡಾಗ ಸಣ್ಣದೆನಿಸಿದ ಕೆಲಸ ಕೈಗೆತ್ತಿಕೊಂಡ ಮೇಲೆ ಬೆಳೆಯುತ್ತದೆ. ಇದು ಯಾರಿಗೂ ಅರ್ಥವಾಗದ ಸಂಗತಿಯೇನೂ ಅಲ್ಲ. ನನ್ನ ಸಿಟ್ಟು ಇರುವುದು ಬೇರೆ ಕಡೆ. ಹದಿನೈದನೇ ತಾರೀಖಿಗೆ ಕೊಡುತ್ತೇನೆ ಎಂದ ಕೆಲಸ ಆಗುವುದಿಲ್ಲ ಎಂಬುದು ಹತ್ತನೇ ತಾರೀಖಿಗೇ ನಮಗೆ ಗೊತ್ತಿರುತ್ತದೆ. ಆಗ ಬಾಯಿ ಬಿಡುವುದಿಲ್ಲ. ಹದಿನೈದು ದಾಟುತ್ತದೆ. ಆ ಕಡೆಯವರು ಒಂದು ಸಲ ನೆನಪಿಸುತ್ತಾರೆ, ಎರಡು ಸಲ ನೆನಪಿಸುತ್ತಾರೆ, ಮೂರನೆಯ ಸಲ ನಮ್ಮ ಮೇಲಿನವರನ್ನೂ ಸಿಸಿಯಲ್ಲಿ ಸೇರಿಸುತ್ತಾರೆ. ಆಗ ಹೊರಡುತ್ತದೆ ನಮ್ಮ ಕ್ಷಮೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ಇದು. ಹತ್ತರಿಂದ ಹದಿನೈದರವರೆಗೆ ಗೊತ್ತಿದ್ದೂ ಸುಮ್ಮನಿದ್ದದ್ದೇ ನಿಜವಾದ ತಪ್ಪು. ಆ ಐದು ದಿನಗಳಿಗೆ ಯಾರೂ ಕ್ಷಮೆ ಕೇಳುವುದಿಲ್ಲ, ಯಾಕೆಂದರೆ ಅವುಗಳ ಸುದ್ದಿ ಆ ಕಡೆಯವರಿಗೆ ಗೊತ್ತೇ ಇರುವುದಿಲ್ಲ.

ಬೆಂಗಳೂರಿನ ಪೀಣ್ಯದಲ್ಲಿ ನನಗೆ ಗೊತ್ತಿರುವ ಒಂದು ಸಣ್ಣ ವರ್ಕ್‌ಶಾಪ್ ಇದೆ. ನಾಲ್ಕಾರು ಮೆಷಿನ್, ಹತ್ತು ಹನ್ನೆರಡು ಜನ. ದೊಡ್ಡ ಕಂಪನಿಯೊಂದರಿಂದ ಬಿಡಿಭಾಗದ ಆರ್ಡರ್ ಬಂತು. ಸಾಲದ ಮೇಲೆ ಸ್ಟೀಲ್ ರಾಡ್ ತಂದರು, ಸಿಎನ್‌ಸಿ ಮೆಷಿನ್ ಮೇಲೆ ಸೆಟ್ಟಿಂಗ್ ಮಾಡಿದರು, ಮೊದಲ ಪೀಸ್ ತೆಗೆದು ಅಳತೆಗಳ ವರದಿಯ ಸಮೇತ ಒಪ್ಪಿಗೆಗೆ ಕಳಿಸಿದರು. ಒಪ್ಪಿಗೆ ಬರದೆ ಎರಡನೆಯ ಪೀಸ್ ಹಾಕುವ ಹಾಗಿಲ್ಲ. ಸೆಟ್ಟಿಂಗ್ ಬಿಚ್ಚಿ ಬೇರೆ ಕೆಲಸ ಹಾಕಿಕೊಳ್ಳೋಣ ಎಂದರೆ, ನಾಳೆಯೇ ಒಪ್ಪಿಗೆ ಬಂದುಬಿಟ್ಟರೆ ಮತ್ತೆ ಸೆಟ್ಟಿಂಗ್‌ಗೆ ಅರ್ಧ ಶಿಫ್ಟ್ ಹೋಗುತ್ತದೆ, ಮತ್ತೆ ಮೊದಲ ಪೀಸ್, ಮತ್ತೆ ಅಳತೆ. ಹಾಗಾಗಿ ಮೆಷಿನ್ ನಿಂತೇ ಇತ್ತು. ಫೋನ್ ಮಾಡಿದರೆ ‘ಕ್ವಾಲಿಟಿಯವರ ಹತ್ತಿರ ಇದೆ’ ಎಂಬ ಉತ್ತರ. ಮೆಷಿನ್ ನಿಂತರೂ ಬ್ಯಾಂಕಿನ ಕಂತು ನಿಲ್ಲಲಿಲ್ಲ. ಓಟಿ ನಂಬಿಕೊಂಡಿದ್ದ ಆಪರೇಟರ್‌ಗೆ ಆ ತಿಂಗಳು ಓಟಿ ಸಿಗಲಿಲ್ಲ. ಪ್ಲೇಟಿಂಗ್ ಮಾಡಿಕೊಡುವವರು ಇವರಿಗಾಗಿ ಇಟ್ಟಿದ್ದ ದಿನವನ್ನು ಬೇರೆಯವರಿಗೆ ಕೊಟ್ಟರು. ಎರಡು ವಾರ ಕಳೆದ ಮೇಲೆ ಮೇಲ್ ಬಂತು: ‘ಪ್ರತಿಕ್ರಿಯೆ ತಡವಾಗಿದ್ದಕ್ಕೆ ಕ್ಷಮಿಸಿ. ಮೊದಲ ಪೀಸ್ ಒಪ್ಪಲಾಗಿದೆ. ಪೂರ್ತಿ ಮಾಲನ್ನು ಆರ್ಡರ್‌ನಲ್ಲಿರುವ ತಾರೀಖಿಗೇ ಕಳಿಸುವುದು.’

ಆ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಕ್ಷಮೆ ಕೇಳಿದ ಕೈಯೇ ಎರಡು ವಾರವನ್ನು ಆ ವರ್ಕ್‌ಶಾಪಿನ ತಲೆಗೆ ಕಟ್ಟಿತು. ಮಾಲು ಕೊಡುವವರು ತಡಮಾಡಿದರೆ ದಂಡ ಎಷ್ಟು ಎಂಬುದು ಆರ್ಡರ್‌ನಲ್ಲೇ ಅಚ್ಚಾಗಿರುತ್ತದೆ. ಸಾರ್ವಜನಿಕ ವಲಯದ ಖರೀದಿಗಳಲ್ಲಿ ವಾರಕ್ಕೆ ಶೇ 0.5 ಎಂಬುದು ಸಾಮಾನ್ಯವಾಗಿ ಕಾಣುವ ಷರತ್ತು. ಒಪ್ಪಿಗೆ ಕೊಡುವವರು ತಡಮಾಡಿದರೆ ಏನು ಎಂಬ ಸಾಲು ಹುಡುಕಿದರೂ ಸಿಗುವುದಿಲ್ಲ. ಒಬ್ಬರ ತಡಕ್ಕೆ ಬೆಲೆ ಇದೆ, ಇನ್ನೊಬ್ಬರ ತಡಕ್ಕೆ ಬರೀ ಒಂದು ಸಾಲಿನ ಕ್ಷಮೆ. ಅಂಥ ಮೇಲ್ ಬರೆದವರು ಕ್ಷಮೆ ಕೇಳಿದ್ದು ನಿಜವೇ ಆಗಿದ್ದರೆ ಮಾಲು ಕಳಿಸುವ ತಾರೀಖನ್ನೂ ಎರಡು ವಾರ ಮುಂದಕ್ಕೆ ಹಾಕಿ, ತಿದ್ದಿದ ಆರ್ಡರನ್ನು ಜೊತೆಗೇ ಕಳಿಸುತ್ತಿದ್ದರು. ಅದಕ್ಕೆ ಇನ್ನೊಂದು ಸಹಿ ಬೇಕಿತ್ತು, ಇನ್ನೊಂದು ಫೋನ್ ಬೇಕಿತ್ತು. ಆ ಶ್ರಮ ಬೇಡವೆನಿಸಿದಾಗ ‘ಕ್ಷಮಿಸಿ’ ಎಂದು ಟೈಪ್ ಮಾಡುತ್ತೇವೆ.

ಮಾಲು ಹೋದ ಮೇಲಿನ ಕಥೆಯೂ ಇದೇ. ‘ಬಿಲ್ ಪ್ರೊಸೆಸ್‌ನಲ್ಲಿದೆ, ವಿಳಂಬಕ್ಕೆ ವಿಷಾದಿಸುತ್ತೇವೆ.’ ಬಿಲ್ ಪ್ರೊಸೆಸ್‌ನಲ್ಲಿರುವಾಗ ಸರ್ಕಾರ ಕಾಯುವುದಿಲ್ಲ. ತಿಂಗಳ ಲೆಕ್ಕ ಕೊಡುವ ಉದ್ಯಮಿ, ಗಿರಾಕಿಯಿಂದ ದುಡ್ಡು ಬಂದಿರಲಿ ಬಿಡಲಿ, ಇನ್‌ವಾಯ್ಸ್ ಮಾಡಿದ ಮೇಲೆ ಮುಂದಿನ ತಿಂಗಳ 20ರೊಳಗೆ ಅದರ ಜಿಎಸ್‌ಟಿ ಕಟ್ಟಲೇಬೇಕು. ತನಗೆ ಬಾರದ ದುಡ್ಡಿನ ತೆರಿಗೆಯನ್ನು ಕೈಯಿಂದ ಹಾಕಿ ಕಟ್ಟಿರುತ್ತಾನೆ. ಹಾಗೆಂದು ಕಾನೂನೇನೂ ಕಣ್ಣು ಮುಚ್ಚಿಕೊಂಡಿಲ್ಲ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು, ಒಪ್ಪಂದ ಏನೇ ಇರಲಿ, 45 ದಿನದ ಆಚೆಗೆ ಎಳೆಯುವಂತಿಲ್ಲ. ಎಳೆದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಇನ್ನೊಂದು ಹೆಜ್ಜೆ ಹೋಗಿ, ಈ ಗಡುವು ಮೀರಿದ ಬಾಕಿಯನ್ನು ಪಾವತಿ ಮಾಡಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು ಎಂದಿತು. ಹೀಗಿದ್ದೂ ಬಡ್ಡಿ ಕೇಳುವ ಸಣ್ಣ ಉದ್ಯಮಿ ಅಪರೂಪ. ಕೇಳಿದರೆ ಮುಂದಿನ ಆರ್ಡರ್ ಬರುವುದಿಲ್ಲ ಎಂಬುದು ಅವನಿಗೂ ಗೊತ್ತು, ವಿಷಾದದ ಮೇಲ್ ಕಳಿಸುವವರಿಗೂ ಗೊತ್ತು. ಆ ವಿಷಾದ ಅಷ್ಟು ಸಲೀಸಾಗಿ ಬರುವುದು ಇದೇ ಧೈರ್ಯದಿಂದ.

‘ಪುರುಸೊತ್ತೇ ಇಲ್ಲ, ದಿನಕ್ಕೆ ನೂರಾರು ಮೇಲ್ ಬರುತ್ತವೆ’ ಎಂಬ ಸಮಜಾಯಿಷಿ ಸಿದ್ಧವಾಗಿರುತ್ತದೆ. ಈ ಮಾತನ್ನು ನಾನು ನಂಬುವುದಿಲ್ಲ. ನಿಮ್ಮ ಕಳೆದ ತಿಂಗಳ ಮೇಲ್‌ಗಳನ್ನು ತೆಗೆದು ನೋಡಿ. ನಿರ್ದೇಶಕರ ಮೇಲ್‌ಗೆ ಎಷ್ಟು ಹೊತ್ತಿನಲ್ಲಿ ಉತ್ತರ ಹೋಗಿದೆ? ಊಟದ ಮಧ್ಯೆ, ಮೆಟ್ರೊದಲ್ಲಿ ನಿಂತುಕೊಂಡು, ಮಗುವಿನ ಶಾಲೆಯ ಕಾರ್ಯಕ್ರಮದಲ್ಲಿ ಕೂತುಕೊಂಡು ಉತ್ತರಿಸಿರುತ್ತೀರಿ. ವೆಂಡರ್‌ನ ಮೇಲ್‌ಗೆ, ಗುತ್ತಿಗೆ ನೌಕರನ ಮೇಲ್‌ಗೆ, ಸಂದರ್ಶನ ಮುಗಿಸಿ ಹೋದ ಹುಡುಗಿಯ ಮೇಲ್‌ಗೆ? ಪುರುಸೊತ್ತು ಇಲ್ಲದಿದ್ದರೆ ಎಲ್ಲರಿಗೂ ತಡವಾಗಬೇಕಿತ್ತು. ತಡ ಆಗುವುದು ಯಾವಾಗಲೂ ನಮಗಿಂತ ಕೆಳಗಿರುವವರಿಗೆ, ನಮ್ಮನ್ನು ಏನೂ ಮಾಡಲಾಗದವರಿಗೆ.

ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಇದರ ಇನ್ನೊಂದು ಮುಖವಿದೆ. ಅಮೆರಿಕದ ಪೂರ್ವ ಕರಾವಳಿಗೂ ನಮಗೂ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಅಂತರ. ಅಲ್ಲಿಯ ಕ್ಲೈಂಟ್ ತಮ್ಮ ಮಧ್ಯಾಹ್ನ ಕಳಿಸಿದ ಮೇಲ್ ನಮಗೆ ತಲುಪುವ ಹೊತ್ತಿಗೆ ಇಲ್ಲಿ ಮಧ್ಯರಾತ್ರಿ. ಬೆಳಿಗ್ಗೆ ಎದ್ದು ಉತ್ತರಿಸುವ ನಮ್ಮ ಎಂಜಿನಿಯರ್ ಮೊದಲ ಸಾಲಿನಲ್ಲೇ ತಡಕ್ಕೆ ಕ್ಷಮೆ ಕೋರುತ್ತಾನೆ. ಯಾತಕ್ಕೆ? ನಿದ್ದೆ ಮಾಡಿದ್ದಕ್ಕೆ. ಅಲ್ಲಿ ತಡವೂ ಇರಲಿಲ್ಲ, ತಪ್ಪೂ ಇರಲಿಲ್ಲ. ಅದೇ ಕಚೇರಿಯ ಊಟದ ಗುತ್ತಿಗೆದಾರರು ಮೂರು ತಿಂಗಳಿಂದ ಕೇಳುತ್ತಿರುವ ಬಾಕಿಗೆ ಉತ್ತರವೇ ಹೋಗಿರುವುದಿಲ್ಲ. ಬೇಡದ ಕಡೆ ಸುರಿಯುವ ಕ್ಷಮೆಯೂ ಬೇಕಾದ ಕಡೆ ಇಲ್ಲದ ಕ್ಷಮೆಯೂ ಒಂದೇ ಚಾಳಿಯಿಂದ ಬಂದವು: ಎದುರಿನವರಿಗೆ ಏನು ನಷ್ಟವಾಯಿತು ಎಂದು ಎಣಿಸದೆ, ಎದುರಿನವರು ಎಷ್ಟು ದೊಡ್ಡವರು ಎಂದಷ್ಟೇ ನೋಡುವುದು. ನಿನ್ನೆ ಸಂಜೆಯ ಮೇಲ್‌ಗೆ ಇಂದು ಬೆಳಿಗ್ಗೆ ಉತ್ತರಿಸುವಾಗ ಕ್ಷಮೆ ಕೇಳಬೇಡಿ. ಉತ್ತರ ಕೊಡಿ, ಸಾಕು.

ಕೆಲಸ ಹುಡುಕುವವರನ್ನು ಕಾಯಿಸುವ ರೀತಿಯಂತೂ ಕ್ರೌರ್ಯ. 2022ರಲ್ಲಿ ಐಟಿ ಕಂಪನಿಗಳಿಂದ ಆಫರ್ ಪತ್ರ ಪಡೆದ ಎಷ್ಟೋ ಎಂಜಿನಿಯರಿಂಗ್ ಪದವೀಧರರಿಗೆ ಸೇರುವ ದಿನ 2024ರವರೆಗೂ ಮುಂದೆ ಹೋಗುತ್ತಲೇ ಇತ್ತು. ಅಷ್ಟು ದೊಡ್ಡ ಮಟ್ಟದಲ್ಲಿ ಆದಾಗ ಪತ್ರಿಕೆಗಳಲ್ಲಿ ಬರುತ್ತದೆ. ಒಬ್ಬೊಬ್ಬರಿಗೆ ಆಗುವುದು ಬರುವುದಿಲ್ಲ. ರಾಯಚೂರಿನಿಂದಲೋ ಹಾವೇರಿಯಿಂದಲೋ ಬಂದು ಬಿಟಿಎಂ ಲೇಔಟ್‌ನ ಪಿಜಿಯಲ್ಲಿ ಮೂರು ಜನರ ಕೋಣೆಯೊಂದರಲ್ಲಿ ಕೂತ ಹುಡುಗಿಗೆ ‘ಮುಂದಿನ ವಾರ ತಿಳಿಸುತ್ತೇವೆ’ ಎಂದವರು ತಿಂಗಳಾದರೂ ತಿಳಿಸಿರುವುದಿಲ್ಲ. ಪಿಜಿಯ ಬಾಡಿಗೆಯನ್ನು ಇನ್ನೊಂದು ತಿಂಗಳಿಗೆ ಕಟ್ಟಬೇಕೇ, ಊರಿಗೆ ಹೋಗಬೇಕೇ, ಇನ್ನೊಂದು ಕಡೆ ಸಿಕ್ಕ ಸಣ್ಣ ಸಂಬಳದ ಕೆಲಸ ಒಪ್ಪಬೇಕೇ ಎಂಬುದೆಲ್ಲ ಆ ಒಂದು ಮೇಲ್ ಮೇಲೆ ನಿಂತಿರುತ್ತದೆ. ಆಯ್ಕೆ ಆಗಿಲ್ಲ ಎಂದು ಎರಡು ಸಾಲು ಬರೆಯುವುದಕ್ಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷ ಸಿಗಲಿಲ್ಲ ಎನ್ನುವವರು ಆಮೇಲೆ ಕಳಿಸುವ ಕ್ಷಮೆಗೆ ನಾನು ಬೆಲೆ ಕೊಡುವುದಿಲ್ಲ.

ನ್ಯಾಯಾಲಯದಲ್ಲಿ ಈ ಆಟ ನಡೆಯುವುದಿಲ್ಲ ಎಂಬುದನ್ನು ನಮ್ಮ ಕಚೇರಿಯವರು ಗಮನಿಸಬೇಕು. ಗಡುವು ಮೀರಿ ಮೇಲ್ಮನವಿ ಹಾಕುವವರು 1963ರ ಕಾಲಮಿತಿ ಕಾಯ್ದೆಯ 5ನೇ ಸೆಕ್ಷನ್ ಅಡಿ ವಿಳಂಬ ಮನ್ನಾ ಮಾಡಿ ಎಂದು ಪ್ರತ್ಯೇಕ ಅರ್ಜಿ ಹಾಕಬೇಕು, ಸಾಕಷ್ಟು ಕಾರಣ ತೋರಿಸಬೇಕು. ಯಾವ ದಿನ ಆದೇಶದ ಪ್ರತಿ ಸಿಕ್ಕಿತು, ಯಾವ ದಿನ ವಕೀಲರ ಬಳಿ ಹೋದಿರಿ, ನಡುವೆ ಏನು ಮಾಡುತ್ತಿದ್ದಿರಿ ಎಂದು ತಾರೀಖುಗಳ ಲೆಕ್ಕ ಕೊಡಬೇಕು. ಅಂಚೆ ಇಲಾಖೆ ಒಮ್ಮೆ 427 ದಿನ ತಡವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವುದರಲ್ಲಿ ಕಾಲ ಕಳೆಯಿತು ಎಂಬ ಧಾಟಿಯ ವಿವರಣೆಯನ್ನು 2012ರ ತೀರ್ಪಿನಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ವಿಳಂಬ ಮನ್ನಾ ಎಂಬುದು ಅಪವಾದವೇ ಹೊರತು ಸರ್ಕಾರಿ ಇಲಾಖೆಗಳು ಮೊದಲೇ ಎಣಿಸಿಕೊಳ್ಳಬಹುದಾದ ಸವಲತ್ತಲ್ಲ ಎಂದು ಹೇಳಿ ಮೇಲ್ಮನವಿಯನ್ನು ವಜಾ ಮಾಡಿತು. ನಮ್ಮ ಮೇಲ್‌ಗಳಲ್ಲಿ ಕ್ಷಮೆ ಎಂದೋ ಅಂಥ ಸವಲತ್ತಾಗಿಬಿಟ್ಟಿದೆ. ಗಡುವು ಹೇಳುವಾಗಲೇ, ಮೀರಿದರೆ ಒಂದು ಸಾಲು ಬರೆದರಾಯಿತು ಎಂಬ ಲೆಕ್ಕಾಚಾರ ಒಳಗೆ ನಡೆದಿರುತ್ತದೆ.

ಸರ್ಕಾರಿ ಕಚೇರಿ ಎಂದರೆ ಮೂಗು ಮುರಿಯುವ ಖಾಸಗಿ ಕಂಪನಿಗಳವರು ಕರ್ನಾಟಕದ ಸಕಾಲ ಕಾಯ್ದೆಯನ್ನೂ ಒಮ್ಮೆ ನೋಡಲಿ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದ ತುಂಬ ಜಾರಿಯಲ್ಲಿದೆ. ಅರ್ಜಿ ಕೊಟ್ಟಾಗಲೇ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಇರುವ ರಸೀದಿ, ಅದರಲ್ಲೇ ಕೆಲಸ ಮುಗಿಯುವ ತಾರೀಖು. ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಅದು ಹೊಣೆಗಾರ ನೌಕರನಿಂದಲೇ ವಸೂಲಾಗಬೇಕು. ಮಾಹಿತಿ ಹಕ್ಕು ಕಾಯ್ದೆಯಲ್ಲಿ 30 ದಿನ ಮೀರಿದರೆ ದಿನಕ್ಕೆ 250 ರೂಪಾಯಿ, ಹೆಚ್ಚೆಂದರೆ 25,000 ರೂಪಾಯಿ ದಂಡ. ಈ ಕಾಯ್ದೆಗಳು ಕಾಗದದ ಮೇಲೆ ಇರುವಷ್ಟು ಚುರುಕಾಗಿ ಕಚೇರಿಗಳಲ್ಲಿ ನಡೆಯುತ್ತವೆ ಎಂದು ನಾನು ಹೇಳುವುದಿಲ್ಲ, ತಾಲ್ಲೂಕು ಕಚೇರಿಗೆ ಅಲೆದ ಯಾರೂ ಹೇಳುವುದಿಲ್ಲ. ಆದರೂ ಅವು ಒಂದು ವಿಷಯವನ್ನು ಒಪ್ಪಿಕೊಂಡಿವೆ: ತಡಕ್ಕೆ ಬೆಲೆ ಇದೆ, ಅದನ್ನು ತಡಮಾಡಿದವರು ಕೊಡಬೇಕು. ಲಕ್ಷಗಟ್ಟಲೆ ಸಂಬಳದ ಮ್ಯಾನೇಜರ್‌ಗಳಿರುವ ಎಷ್ಟು ಕಚೇರಿಗಳು ಅಷ್ಟನ್ನಾದರೂ ಒಪ್ಪಿಕೊಂಡಿವೆ?

ಇತ್ತೀಚೆಗೆ ಇನ್ನೊಂದು ಪಾಠ ಚಾಲ್ತಿಗೆ ಬಂದಿದೆ. ‘ತಡಕ್ಕೆ ಕ್ಷಮಿಸಿ ಎನ್ನಬೇಡಿ, ನಿಮ್ಮ ತಾಳ್ಮೆಗೆ ಧನ್ಯವಾದ ಎನ್ನಿ, ಆಗ ನೀವು ದುರ್ಬಲರಾಗಿ ಕಾಣುವುದಿಲ್ಲ’ ಎಂದು ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ತಾಳ್ಮೆಯನ್ನು ನಿಮಗೆ ಕೊಟ್ಟವರು ಯಾರು? ಮೂರು ಸಲ ಮೇಲ್ ಹಾಕಿ, ನಾಲ್ಕು ಸಲ ಫೋನ್ ಮಾಡಿ ರೋಸಿಹೋದ ಮನುಷ್ಯನಿಗೆ ‘ನಿಮ್ಮ ತಾಳ್ಮೆಗೆ ಧನ್ಯವಾದ’ ಎನ್ನುವುದು ಅವನ ಸಿಟ್ಟನ್ನೂ ಕಸಿದುಕೊಳ್ಳುವ ಕೆಲಸ. ಅದಕ್ಕಿಂತ ಹಳೆಯ ಒಣ ಕ್ಷಮೆಯೇ ವಾಸಿ, ಅದರಲ್ಲಿ ತಪ್ಪು ಯಾರದೆಂಬ ಸುಳಿವಾದರೂ ಇರುತ್ತದೆ. ಈಗ ಎಐ ಬೇರೆ ಬಂದಿದೆ. ‘ತಡಕ್ಕೆ ಕ್ಷಮೆ ಕೇಳಿ ಒಂದು ಮೇಲ್ ಬರೆ’ ಎಂದರೆ ನಾಲ್ಕು ಪ್ಯಾರಾ ನಯವಾದ ಮಾತು ಕ್ಷಣದಲ್ಲಿ ಸಿದ್ಧ. ಅದರಲ್ಲಿ ಯಾಕೆ ತಡವಾಯಿತು ಎಂಬುದಿರುವುದಿಲ್ಲ, ಯಾವಾಗ ಮುಗಿಯುತ್ತದೆ ಎಂಬುದಿರುವುದಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ, ಅದು ಗೊತ್ತಿರುವುದು ನಿಮಗೆ ಮಾತ್ರ.

ಹಾಗಾದರೆ ಏನು ಬರೆಯಬೇಕು ಎನ್ನುತ್ತೀರಾ? ಪರೀಕ್ಷಾ ಲ್ಯಾಬ್ ಒಂದರಿಂದ ಗಿರಾಕಿಗೆ ಬುಧವಾರವೇ ಹೋಗಬೇಕಾದ ಮೇಲ್ ಹೀಗಿರಬಹುದು:

‘ಸರ್, ಶುಕ್ರವಾರ ಕೊಡುತ್ತೇನೆ ಎಂದಿದ್ದ ರಿಪೋರ್ಟ್ ಶುಕ್ರವಾರ ಆಗುವುದಿಲ್ಲ. ಎಂಟು ಸ್ಯಾಂಪಲ್‌ಗಳಲ್ಲಿ ಐದರ ಪರೀಕ್ಷೆ ಮುಗಿದಿದೆ, ಅವುಗಳ ಫಲಿತಾಂಶ ಈ ಮೇಲ್‌ನಲ್ಲೇ ಇದೆ. ಉಳಿದ ಮೂರಕ್ಕೆ ಬೇಕಾದ ಉಪಕರಣ ಕ್ಯಾಲಿಬ್ರೇಷನ್‌ಗೆ ಹೋಗಿದ್ದು ಸೋಮವಾರ ವಾಪಸ್ ಬರುತ್ತದೆ. ಅದನ್ನು ನೋಡಿಕೊಳ್ಳದೆ ನಿಮಗೆ ದಿನ ಹೇಳಿದ್ದು ನನ್ನ ತಪ್ಪು, ಕ್ಷಮಿಸಿ. ಮುಂದಿನ ಬುಧವಾರ ಮಧ್ಯಾಹ್ನ ಮೂರರೊಳಗೆ ಪೂರ್ತಿ ರಿಪೋರ್ಟ್ ನಿಮ್ಮ ಕೈಯಲ್ಲಿರುತ್ತದೆ. ಇದರಿಂದ ನಿಮ್ಮ ಕಡೆ ಯಾವ ಕೆಲಸ ನಿಲ್ಲುತ್ತದೆ ಎಂದು ಹೇಳಿದರೆ ಆ ಸ್ಯಾಂಪಲನ್ನು ಮೊದಲು ಮಾಡಿಸುತ್ತೇನೆ.’

ಇದರಲ್ಲಿ ಕ್ಷಮೆ ಒಂದೇ ಸಲ ಬಂದಿದೆ, ಅದೂ ಸರಿಯಾದ ತಪ್ಪಿಗೆ. ಗಡುವಿಗೆ ಎರಡು ದಿನ ಮುಂಚೆ ಹೋಗಿರುವುದರಿಂದ ಗಿರಾಕಿ ತನ್ನ ಗಿರಾಕಿಗೆ ಮುಂಚೆಯೇ ಹೇಳಿಕೊಳ್ಳಬಹುದು. ಆದಷ್ಟು ಕೆಲಸ ಕೈಗೆ ಬಂದಿದೆ. ಹೊಸ ತಾರೀಖಿಗೆ ಗಂಟೆಯೂ ಇದೆ, ಉಪಕರಣ ಸೋಮವಾರದ ಬದಲು ಮಂಗಳವಾರ ಬಂದರೂ ಉಳಿಸಿಕೊಳ್ಳಬಹುದಾದ ತಾರೀಖು ಅದು. ಸೋಮವಾರವೇ ಕೊಡುತ್ತೇನೆ ಎಂದು ಖುಷಿಪಡಿಸಿ ಮತ್ತೆ ಮಾತು ತಪ್ಪುವವರು ಮೊದಲ ತಡಕ್ಕಿಂತ ದೊಡ್ಡ ಹಾನಿ ಮಾಡುತ್ತಾರೆ. ಎರಡನೆಯ ಸಲ ತಾರೀಖು ತಪ್ಪಿದ ಮೇಲೆ ಆ ಕಡೆಯವರು ನಿಮ್ಮ ಯಾವ ತಾರೀಖನ್ನೂ ನಂಬುವುದಿಲ್ಲ, ನಂಬಬಾರದು ಕೂಡ. ಇನ್ನು ಬೇರೆಯವರ ಮೆಷಿನ್ ನಿಲ್ಲುತ್ತದೆ, ಲಾರಿ ಕಾಯುತ್ತದೆ, ಸಂಬಳ ನಿಲ್ಲುತ್ತದೆ ಎಂದಿದ್ದರೆ ಮೊದಲು ಫೋನ್ ಮಾಡಿ, ಆಮೇಲೆ ಮೇಲ್ ಹಾಕಿ. ಬೈಸಿಕೊಳ್ಳುವುದಕ್ಕೆ ಹೆದರಿ ಮೇಲ್ ಹಿಂದೆ ಅಡಗುವುದು ಹೇಡಿತನ.

ಕಾರಣ ಬರೆದುಕೊಟ್ಟರೆ ನಾಳೆ ಅದೇ ನಮ್ಮ ಮೇಲೆ ಸಾಕ್ಷಿಯಾಗುತ್ತದೆ ಎಂದು ಹೆದರಿಸುವವರಿದ್ದಾರೆ. ದೊಡ್ಡ ಒಪ್ಪಂದಗಳಲ್ಲಿ ಆ ಎಚ್ಚರಿಕೆಗೆ ಅರ್ಥವಿದೆ, ಅಲ್ಲಿ ಕಾನೂನು ವಿಭಾಗವನ್ನು ಕೇಳಿ ಬರೆಯಿರಿ. ಆದರೆ ಹೊಸ ತಾರೀಖು ತಿಳಿಸಬೇಡಿ ಎಂದು ಯಾವ ವಕೀಲರೂ ಹೇಳುವುದಿಲ್ಲ. ಆದ ಕೆಲಸವನ್ನು ಕಳಿಸಬೇಡಿ ಎಂದೂ ಹೇಳುವುದಿಲ್ಲ.

ಈ ಮಾತಿನ ಹೆಚ್ಚಿನ ಪಾಲು ಟೀಮ್ ಲೀಡ್‌ಗಳಿಗೆ, ಮ್ಯಾನೇಜರ್‌ಗಳಿಗೆ ಸೇರಬೇಕು. ಒಪ್ಪಿಗೆ ನಿಮ್ಮ ಮೇಜಿನ ಮೇಲೆ ವಾರಗಟ್ಟಲೆ ಬಿದ್ದಿರುತ್ತದೆ. ವೆಂಡರ್ ಗಲಾಟೆ ಮಾಡಿದಾಗ ಸೇರಿ ಎರಡು ತಿಂಗಳಾದ ಹುಡುಗಿಯನ್ನು ಕರೆದು ‘ಸಾರಿ ಹೇಳಿ ಒಂದು ಮೇಲ್ ಹಾಕಿಬಿಡಮ್ಮ’ ಎನ್ನುತ್ತೀರಿ. ತಾನು ಮಾಡದ ತಡಕ್ಕೆ, ತನಗೆ ಗೊತ್ತಿಲ್ಲದ ಕಾರಣಕ್ಕೆ, ತಾನು ಕೊಡಲಾಗದ ತಾರೀಖಿಗೆ ಅವಳು ತನ್ನ ಹೆಸರು ಹಾಕಿ ಕ್ಷಮೆ ಕೇಳುತ್ತಾಳೆ. ಕೆಲಸ ಅಂದರೆ ಹೀಗೇ ಎಂದು ಅವತ್ತೇ ಕಲಿಯುತ್ತಾಳೆ, ಐದು ವರ್ಷ ಬಿಟ್ಟು ಇನ್ನೊಬ್ಬಳಿಗೆ ಕಲಿಸುತ್ತಾಳೆ. ಅವಳನ್ನು ಕರೆಯುವ ಮುಂಚೆ ಆ ಕಡತ ತೆಗೆದು ಸಹಿ ಹಾಕಿ. ಇವತ್ತು ಆಗುವುದಿಲ್ಲವೆಂದರೆ ಯಾವತ್ತು ಆಗುತ್ತದೆಂದು ನೀವೇ ನಿರ್ಧರಿಸಿ, ವೆಂಡರ್‌ನ ನಂಬರ್ ತೆಗೆದುಕೊಂಡು ನೀವೇ ಫೋನ್ ಮಾಡಿ. ಮೇಲ್ ನಿಮ್ಮ ಹೆಸರಿನಿಂದಲೇ ಹೋಗಲಿ, ಆ ಹುಡುಗಿ ಸಿಸಿಯಲ್ಲಿರಲಿ.